ಕ್ಲಚ್ ಪ್ಲೇಟ್ ಮತ್ತೆ ಮತ್ತೆ ಸುಡುವುದೇಕೆ?

ಹತ್ತಿ ಸೀಸನ್ ಶುರುವಾಯಿತೆಂದರೆ ಆದವಾನಿಯ ಮಾರುಕಟ್ಟೆ ಯಾರ್ಡಿನ ಮುಂದೆ ಗಾಡಿಗಳ ಸಾಲು. ಆಲೂರು, ಕೋಸಿಗಿ, ಎಮ್ಮಿಗನೂರು ಕಡೆಯಿಂದ, ಗಡಿಯಾಚೆಯ ಬಳ್ಳಾರಿ ಸೀಮೆಯಿಂದಲೂ ಲೋಡು ಬರುತ್ತದೆ. ಆ ಸಾಲಿನಲ್ಲಿ ಗಾಡಿ ಹತ್ತು ಅಡಿ ಹೋಗುತ್ತದೆ, ನಿಲ್ಲುತ್ತದೆ, ಮತ್ತೆ ಹತ್ತು ಅಡಿ ಹೋಗುತ್ತದೆ. ತುಂಬಿದ ಪಿಕಪ್ಪಿಗೆ ನೂರು ಮೈಲಿ ಹೆದ್ದಾರಿ ಓಡುವುದಕ್ಕಿಂತ ಹೀಗೆ ತೆವಳುವುದೇ ಹೆಚ್ಚು ಕಷ್ಟ. ಸುಟ್ಟ ವಾಸನೆ ಬಂದರೆ ಡ್ರೈವರಿಗೆ ಗೊತ್ತಾಗಿಬಿಡುತ್ತದೆ, ಕ್ಲಚ್ ಹೋಯಿತು. ಶೆಡ್ಡಿಗೆ ಒಯ್ದು ಹೊಸ ಪ್ಲೇಟ್ ಹಾಕಿಸುತ್ತಾರೆ. ಕೆಲವು ತಿಂಗಳಲ್ಲಿ ಅದೇ ವಾಸನೆ, ಅದೇ ಖರ್ಚು. ಬೈಗುಳವೆಲ್ಲ ಪ್ಲೇಟ್ ಮಾಡಿದ ಕಂಪನಿಗೆ. ಆದರೆ ಹೀಗೆ ಸುಟ್ಟ ಪ್ಲೇಟುಗಳಲ್ಲಿ ಬಹುಪಾಲಿನದು ತಪ್ಪಲ್ಲ. ಬೇರೆಲ್ಲೋ ಆದ ತಪ್ಪಿಗೆ ಅದು ಬಲಿಯಾಗಿರುತ್ತದೆ.

ಎಂಜಿನ್ ಸದಾ ತಿರುಗುತ್ತಿರಬೇಕು, ಚಕ್ರ ನಿಂತಿರಲೂಬೇಕು. ಈ ಎರಡನ್ನೂ ಹೊಂದಿಸುವುದು ಕ್ಲಚ್ಚಿನ ಕೆಲಸ. ಪೆಡಲ್ ಬಿಡುತ್ತಾ ಬಂದಂತೆ ಪ್ರೆಶರ್ ಪ್ಲೇಟಿನ ಸ್ಪ್ರಿಂಗು ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಒತ್ತುತ್ತದೆ. ಎರಡೂ ಒಂದೇ ವೇಗಕ್ಕೆ ಬರುವವರೆಗೆ ಅವು ಒಂದರ ಮೇಲೊಂದು ಜಾರುತ್ತವೆ. ಜಾರಿದಷ್ಟು ಹೊತ್ತೂ ಎಂಜಿನ್ನಿನ ಶಕ್ತಿಯಲ್ಲಿ ಒಂದು ಪಾಲು ಬಿಸಿಯಾಗಿ ಹೋಗುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಈ ಪಾಲು ಎಷ್ಟೆಂದು ಸುಲಭವಾಗಿ ಹೇಳಬಹುದು. ಜಾರುವಿಕೆ ನಿಲ್ಲುವ ಹೊತ್ತಿಗೆ ಗಾಡಿಗೆ ಎಷ್ಟು ಚಲನಶಕ್ತಿ ಬಂದಿರುತ್ತದೋ, ಹೆಚ್ಚುಕಡಿಮೆ ಅಷ್ಟೇ ಶಕ್ತಿ ಕ್ಲಚ್ಚಿನಲ್ಲಿ ಬಿಸಿಯಾಗಿರುತ್ತದೆ.

ಸರಕು ಸೇರಿ 3 ಟನ್ ತೂಗುವ ಒಂದು ಪಿಕಪ್ ತೆಗೆದುಕೊಳ್ಳಿ. ಫಸ್ಟ್ ಗೇರಿನಲ್ಲಿ ಹೊರಟರೆ ಗಂಟೆಗೆ ಸುಮಾರು 8 ಕಿ.ಮೀ. ವೇಗದಲ್ಲಿ ಕ್ಲಚ್ ಪೂರ್ತಿ ಹಿಡಿಯುತ್ತದೆ ಎನ್ನಿ. ಆಗ ಹುಟ್ಟುವ ಬಿಸಿ ಸುಮಾರು 7 ಕಿಲೋಜೌಲ್. ಅದೇ ಗಾಡಿಯನ್ನು ‘ಫಸ್ಟ್ ಯಾಕೆ, ಎಳೆಯುತ್ತದೆ ಬಿಡು’ ಎಂದು ಸೆಕೆಂಡ್ ಗೇರಿನಲ್ಲಿ ಎತ್ತಿದರೆ ಕ್ಲಚ್ ಹಿಡಿಯುವುದು 14 ಕಿ.ಮೀ. ವೇಗದ ಹತ್ತಿರ, ಬಿಸಿ ಸುಮಾರು 23 ಕಿಲೋಜೌಲ್. ವೇಗ ಎರಡು ಪಟ್ಟಿಗೂ ಕಡಿಮೆ ಏರಿದೆ, ಬಿಸಿ ಮೂರು ಪಟ್ಟು ಆಗಿದೆ. ಚಲನಶಕ್ತಿಯ ಲೆಕ್ಕದಲ್ಲಿ ವೇಗದ ವರ್ಗ ಬರುವುದರಿಂದ ಹೀಗಾಗುತ್ತದೆ.

ಇದಕ್ಕಿಂತ ಕೆಟ್ಟದ್ದು ಹಾಫ್ ಕ್ಲಚ್. ನೂರು ಮೀಟರಿಗೆ ಐದು ಮೀಟರ್ ಏರುವ ಸಣ್ಣ ಏರಿನಲ್ಲಿ ಬ್ರೇಕ್ ಮುಟ್ಟದೆ ಪೆಡಲನ್ನು ಅರ್ಧ ಒತ್ತಿಯೇ ಗಾಡಿಯನ್ನು ನಿಲ್ಲಿಸಿಕೊಂಡಿರುವ ಡ್ರೈವರ್‌ಗಳನ್ನು ನೋಡಿರುತ್ತೀರಿ. ಗಾಡಿ ಅಲುಗುತ್ತಿಲ್ಲ, ಹಾಗಾಗಿ ಕೆಲಸವೇನೂ ನಡೆಯುತ್ತಿಲ್ಲ ಎನಿಸುತ್ತದೆ. ಆದರೆ 3 ಟನ್ ಗಾಡಿಯ ಕ್ಲಚ್ಚಿನಲ್ಲಿ ಆಗ ಸುಮಾರು 3.3 ಕಿಲೋವ್ಯಾಟ್ ಬಿಸಿ ಹುಟ್ಟುತ್ತಿರುತ್ತದೆ. ಬಚ್ಚಲುಮನೆಯ ಇನ್‌ಸ್ಟಂಟ್ ಗೀಸರಿನಷ್ಟು. ಗೀಸರಿನ ಬಿಸಿಯನ್ನು ಹರಿಯುವ ನೀರು ಒಯ್ಯುತ್ತದೆ. ಕ್ಲಚ್ಚಿಗೆ ನೀರಿಲ್ಲ, ಎಣ್ಣೆ ಇಲ್ಲ; ಅದು ಇರುವುದು ಲೋಹದ ಗೂಡಿನೊಳಗೆ. ಇಪ್ಪತ್ತು ಸೆಕೆಂಡ್ ಹೀಗೆ ನಿಂತರೆ ಫಸ್ಟ್ ಗೇರಿನಲ್ಲಿ ಒಂಬತ್ತು ಸಲ ಹೊರಟಷ್ಟು ಬಿಸಿ. ಹೊರಗೆ 40 ಡಿಗ್ರಿ ದಾಟಿದ ಬಿಸಿಲಿದ್ದರೆ ಬಿಸಿ ಇಳಿಯುವುದೂ ನಿಧಾನ.

ಪ್ಲೇಟಿನ ಲೈನಿಂಗ್ ಎಂದರೆ ನಾರುಗಳನ್ನು ರಾಳದಿಂದ ಬಂಧಿಸಿ ಮಾಡಿದ ವಸ್ತು. ಸುಮಾರು 250–300 ಡಿಗ್ರಿ ದಾಟಿದರೆ ರಾಳ ಕೆಡಲು ತೊಡಗುತ್ತದೆ. ಮೂಗಿಗೆ ಬಡಿಯುವ ವಾಸನೆ ಅದರದೇ. ಕೆಟ್ಟ ಲೈನಿಂಗಿನ ಹಿಡಿತ ಸಡಿಲು, ಹಿಡಿತ ಸಡಿಲಾದರೆ ಇನ್ನಷ್ಟು ಜಾರು, ಜಾರಿದಷ್ಟೂ ಇನ್ನಷ್ಟು ಬಿಸಿ. ಒಮ್ಮೆ ಈ ಸುತ್ತಿಗೆ ಬಿದ್ದ ಪ್ಲೇಟು ಒಂದೇ ದಿನದಲ್ಲಿ ಮುಗಿಯಬಹುದು.

ಹಾಗಾದರೆ ಹೊಸ ಪ್ಲೇಟು ಹಾಕಿದ ಮೇಲೂ ಕಾಟ ತಪ್ಪದಿರುವುದೇಕೆ? ಹಳೆ ಬಿಸಿ ಫ್ಲೈವೀಲಿನ ಮೇಲೆ ನೀಲಿ ಕಲೆ, ಕೂದಲೆಳೆಯ ಬಿರುಕು ಬಿಟ್ಟಿರುತ್ತದೆ. ಅದನ್ನು ಲೇತಿಗೆ ಕೊಟ್ಟು ಸಮ ಮಾಡಿಸದಿದ್ದರೆ ಹೊಸ ಪ್ಲೇಟು ಪೂರ್ತಿ ಕೂರುವುದಿಲ್ಲ. ಎಂಜಿನ್ನಿನ ಹಿಂಬದಿಯ ಆಯಿಲ್ ಸೀಲ್ ಜಿನುಗುತ್ತಿದ್ದರೆ ಲೈನಿಂಗಿಗೆ ಎಣ್ಣೆ ಮೆತ್ತುತ್ತದೆ. ಸ್ಪ್ರಿಂಗಿನ ಬಲ ಕುಂದಿದ ಪ್ರೆಶರ್ ಪ್ಲೇಟನ್ನೇ ಮತ್ತೆ ಕೂರಿಸಿರಬಹುದು. ಪೆಡಲಿನ ಆಟವನ್ನು, ಅಂದರೆ ಒತ್ತಲು ತೊಡಗಿದಾಗ ಸಿಗುವ ಸಡಿಲನ್ನು, ತೀರಾ ಬಿಗಿ ಮಾಡಿದ್ದರೆ, ಸ್ಪ್ರಿಂಗನ್ನು ಬಿಡಿಸುವ ರಿಲೀಸ್ ಬೇರಿಂಗ್ ಕಾಲು ತೆಗೆದಾಗಲೂ ಒತ್ತಿಕೊಂಡೇ ಇದ್ದು ಪ್ಲೇಟು ಜಾರುತ್ತದೆ. ಇವನ್ನೆಲ್ಲ ಬಿಟ್ಟು ಪ್ಲೇಟು ಮಾತ್ರ ಬದಲಿಸಿದರೆ ರೋಗ ಒಳಗೇ ಉಳಿಯುತ್ತದೆ.

ಆಟೊಮ್ಯಾಟಿಕ್ ಗಾಡಿ ಕೊಂಡರೆ ಈ ರಗಳೆ ತಪ್ಪುತ್ತದಲ್ಲ ಎನ್ನಬಹುದು. ಆಂಧ್ರದ ಶ್ರೀಸಿಟಿಯಲ್ಲಿ 2016ರಲ್ಲಿ ಶುರುವಾದ ಇಸುಜು ಕಾರ್ಖಾನೆಯ ವಿ-ಕ್ರಾಸ್, ಟೊಯೊಟಾದ ಹೈಲಕ್ಸ್ ಎರಡರಲ್ಲೂ ಆಟೊಮ್ಯಾಟಿಕ್ ಮಾದರಿಗಳಿವೆ. ಅವುಗಳಲ್ಲಿ ಪ್ಲೇಟಿನ ಜಾಗದಲ್ಲಿರುವುದು ಟಾರ್ಕ್ ಕನ್ವರ್ಟರ್. ಒಂದು ಚಕ್ರ ಎಣ್ಣೆಯನ್ನು ಎಸೆಯುತ್ತದೆ, ಎದುರಿನ ಚಕ್ರ ಆ ಎಣ್ಣೆಯ ಹೊಡೆತಕ್ಕೆ ತಿರುಗುತ್ತದೆ. ಈ ತತ್ವಕ್ಕೆ ಜರ್ಮನಿಯ ಹರ್ಮನ್ ಫೋಟಿಂಗರ್ 1905ರಲ್ಲಿ ಪೇಟೆಂಟ್ ಪಡೆದದ್ದು ಹಡಗುಗಳಿಗಾಗಿ. ಇಲ್ಲಿಯೂ ಜಾರುವಿಕೆ ಇದೆ, ಬಿಸಿಯೂ ಇದೆ. ಅದನ್ನು ಹೊರುವುದು ಎಣ್ಣೆ ಎಂಬುದಷ್ಟೇ ವ್ಯತ್ಯಾಸ. ಎಣ್ಣೆ ಕೂಲರಿಗೆ ಹೋಗಿ ತಣಿದು ಬರುವುದರಿಂದ ಆಟೊಮ್ಯಾಟಿಕ್ ಹೆಚ್ಚು ತಾಳಿಕೊಳ್ಳುತ್ತದೆ. ಆದರೆ ಜಿನ್ನಿಂಗ್ ಮಿಲ್ಲಿನ ಸುತ್ತ ಹಾರುವ ಹತ್ತಿ ಎಳೆ, ಕಪ್ಪುಮಣ್ಣಿನ ಧೂಳು ರೇಡಿಯೇಟರು, ಕೂಲರುಗಳ ಸಂದಿಗಳಲ್ಲಿ ಗಟ್ಟಿಯಾಗಿ ಕೂತರೆ ಆ ಅನುಕೂಲ ಹೋಗುತ್ತದೆ. ಎಣ್ಣೆ ಕಂದಿ ಸುಟ್ಟ ವಾಸನೆ ಬರುತ್ತದೆ, ಗೇರು ತಡವಾಗಿ ಬೀಳುತ್ತದೆ, ಗಾಡಿ ನಡುಗುತ್ತದೆ. ಅಲ್ಲೂ ಅದೇ ಎಡವಟ್ಟು. ಗೇರ್ ಬಾಕ್ಸ್ ಬಿಚ್ಚಿ ರಿಪೇರಿ ಮಾಡಿ ಕೂಲರನ್ನು ತೊಳೆಯದೆ ಬಿಟ್ಟರೆ, ಹಳೆಯ ಲೋಹದ ಪುಡಿ ಹೊಸ ಎಣ್ಣೆಯೊಂದಿಗೆ ವಾಪಸು ಬಂದು ಅದೇ ಬಾಕ್ಸನ್ನು ಮತ್ತೆ ಕೆಡಿಸುತ್ತದೆ.

ಆದ್ದರಿಂದ ಎರಡನೇ ಸಲ ಕ್ಲಚ್ ಸುಟ್ಟಾಗ ಮೆಕ್ಯಾನಿಕ್ ಹತ್ತಿರ ಪ್ಲೇಟಿನ ರೇಟು ಕೇಳುವ ಮೊದಲು ಬಿಚ್ಚಿದ ಹಳೇ ಪ್ಲೇಟನ್ನು ಕೈಗೆ ಕೇಳಿ. ಎಣ್ಣೆಯಲ್ಲಿ ನೆಂದಿದ್ದರೆ ಸೀಲ್ ನೋಡಬೇಕು. ಒಂದೇ ಕಡೆ ಸವೆದಿದ್ದರೆ ಫ್ಲೈವೀಲ್, ಪ್ರೆಶರ್ ಪ್ಲೇಟ್ ನೋಡಬೇಕು. ಸುತ್ತಲೂ ಸಮನಾಗಿ ಕಪ್ಪಾಗಿ ಗಾಜಿನಂತೆ ಹೊಳೆಯುತ್ತಿದ್ದರೆ, ಪೆಡಲಿನ ಆಟವೂ ಸರಿಯಿದ್ದರೆ, ನೋಡಬೇಕಾದದ್ದು ಲೋಡು ಮತ್ತು ಡ್ರೈವರಿನ ಎಡಗಾಲು. ಆ ಎಡಗಾಲಿನ ಅಭ್ಯಾಸ ಬದಲಿಸಲು ಮಾತ್ರ ಒಂದು ಪೈಸೆಯೂ ಖರ್ಚಿಲ್ಲ: ಸಾಲಿನಲ್ಲಿ ಮುಂದಿನ ಗಾಡಿ ಒಂದಿಷ್ಟು ದೂರ ಹೋಗುವವರೆಗೆ ನ್ಯೂಟ್ರಲ್‌ನಲ್ಲಿ ಹ್ಯಾಂಡ್ ಬ್ರೇಕ್ ಹಾಕಿ ಕಾಯುವುದು, ಹೊರಡುವಾಗ ಪ್ರತಿ ಸಲವೂ ಫಸ್ಟ್ ಗೇರ್ ಹಾಕುವುದು.