ಮುಕ್ಕಾಲು ಪಾಲು ಎಕ್ಸಿಟಾನ್ ವ್ಯರ್ಥವೇ?

ಮೊಬೈಲಿನ ಓಲೆಡ್ ಪರದೆ ಕರೆಂಟಿಗೆ ಕಾದು ಬೆಳಗುತ್ತದೆ ಎಂದುಕೊಂಡವರಿದ್ದಾರೆ. ಅದು ಹಳೆಯ ತಂತಿ ಬಲ್ಬಿನ ಕತೆ. ಇಲ್ಲಿ ಒಂದು ಬದಿಯಿಂದ ಎಲೆಕ್ಟ್ರಾನ್, ಇನ್ನೊಂದು ಬದಿಯಿಂದ ಎಲೆಕ್ಟ್ರಾನ್ ಇಲ್ಲದ ತೆರವು, ಅಂದರೆ ‘ರಂಧ್ರ’, ಬಂದು ಒಂದೇ ಅಣುವಿನಲ್ಲಿ ಜೋಡಿಯಾಗುತ್ತವೆ. ಈ ಜೋಡಿಯೇ ಎಕ್ಸಿಟಾನ್. ಎಲೆಕ್ಟ್ರಾನ್ ಆ ತೆರವನ್ನು ತುಂಬಿದಾಗ ಬೆಳಕು ಹೊಮ್ಮುತ್ತದೆ.

ಓದಿಕೊಂಡವರಲ್ಲೂ ಬೇರೂರಿರುವ ತಪ್ಪು ಇನ್ನೊಂದು: ನಾಲ್ಕರಲ್ಲಿ ಒಂದು ಎಕ್ಸಿಟಾನ್ ಮಾತ್ರ ಬೆಳಕಾದೀತು, ಅದು ನಿಸರ್ಗದ ನಿಯಮ ಎನ್ನುವುದು. ಲೆಕ್ಕದ ಮೊದಲರ್ಧ ಸರಿ. ಎಲೆಕ್ಟ್ರಾನಿಗೂ ರಂಧ್ರಕ್ಕೂ ಸ್ಪಿನ್ ಎಂಬ ಕ್ವಾಂಟಂ ಗುಣವಿದೆ. ಸ್ಪಿನ್‌ಗಳು ಹೊಂದುವ ಬಗೆಯಿಂದಾಗಿ ಶೇ. 25 ಸಿಂಗ್ಲೆಟ್, ಶೇ. 75 ಟ್ರಿಪ್ಲೆಟ್ ಎಂಬ ಎರಡು ಬಗೆಯ ಎಕ್ಸಿಟಾನ್‌ಗಳು ಹುಟ್ಟುತ್ತವೆ. ಸಿಂಗ್ಲೆಟ್ ಕೆಲವೇ ನ್ಯಾನೋಸೆಕೆಂಡಿನಲ್ಲಿ ಬೆಳಕು ಚೆಲ್ಲುತ್ತದೆ. ಸಾಮಾನ್ಯ ಸಾವಯವ ಅಣುವಿನಲ್ಲಿ ಟ್ರಿಪ್ಲೆಟ್‌ಗೆ ಆ ದಾರಿ ಬಹುತೇಕ ಮುಚ್ಚಿರುವುದರಿಂದ ಅದರ ಶಕ್ತಿ ಶಾಖವಾಗಿ ಹೋಗುತ್ತದೆ. 1987ರಲ್ಲಿ ಕೊಡಾಕ್‌ನ ಟ್ಯಾಂಗ್ ಮತ್ತು ವ್ಯಾನ್ ಸ್ಲೈಕ್ ಪ್ರಕಟಿಸಿದ ಓಲೆಡ್ ಸಾಧನಕ್ಕೂ ಈ ಮಿತಿಯಿತ್ತು.

ಆದರೆ ನಿಯಮವಿರುವುದು ಹುಟ್ಟಿನ ಅನುಪಾತಕ್ಕೆ, ಮುಂದಿನ ಗತಿಗಲ್ಲ. 1998ರಲ್ಲಿ ಅಮೆರಿಕದ ಸಂಶೋಧಕರಾದ ಫಾರೆಸ್ಟ್ ಮತ್ತು ಥಾಂಪ್ಸನ್ ತಂಡಗಳು ಪ್ಲಾಟಿನಂ ಇರುವ ಅಣುವನ್ನು ಬಳಸಿದವು. ಭಾರದ ಲೋಹವು ಸ್ಪಿನ್ನಿನ ಕಟ್ಟು ಸಡಿಲಿಸಿ ಟ್ರಿಪ್ಲೆಟ್‌ನಿಂದಲೂ ಬೆಳಕು ತೆಗೆಯಿತು. 2012ರಲ್ಲಿ ಜಪಾನಿನ ಕ್ಯೂಶು ವಿಶ್ವವಿದ್ಯಾಲಯದ ಅಡಾಚಿ ತಂಡ ಭಾರಲೋಹವಿಲ್ಲದೆಯೇ ಇದನ್ನು ಸಾಧಿಸಿತು. ಅವರ ಅಣುಗಳಲ್ಲಿ ಎರಡು ಸ್ಥಿತಿಗಳ ಶಕ್ತಿಯ ಅಂತರ ಎಷ್ಟು ಕಿರಿದೆಂದರೆ, ಕೋಣೆಯ ಬಿಸಿಯೇ ಟ್ರಿಪ್ಲೆಟ್ಟನ್ನು ಮೇಲೆತ್ತಿ ಸಿಂಗ್ಲೆಟ್ ಮಾಡುತ್ತದೆ. ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ಚೆಲುವಾದ ಉಪಾಯ ಇದೇ.

ಹಾಗೆಂದು ಹುಟ್ಟಿದ ಬೆಳಕೆಲ್ಲ ಕಣ್ಣಿಗೆ ತಲುಪುವುದಿಲ್ಲ. ವಿಶೇಷ ಏರ್ಪಾಡಿಲ್ಲದ ಗಾಜಿನ ಓಲೆಡ್‌ನಲ್ಲಿ ಸುಮಾರು ಐದನೇ ಒಂದು ಪಾಲಷ್ಟೇ ಹೊರಬೀಳುತ್ತದೆ.

ಕೊನೆಯದು, ಓಲೆಡ್‌ನ ‘ಓ’ ಎಂದರೆ ಆರ್ಗ್ಯಾನಿಕ್, ‘ಸಾವಯವ’ ಎಂದಮೇಲೆ ಕೊಳೆಯುತ್ತದೆ, ಅದಕ್ಕೇ ಪರದೆಯ ನೀಲಿ ಬೇಗ ಮಂಕಾಗುತ್ತದೆ ಎಂಬ ಮಾತು. ಇಲ್ಲಿ ಸಾವಯವ ಎಂದರೆ ಇಂಗಾಲದ ಸಂಯುಕ್ತ, ಅಷ್ಟೇ. ನೀಲಿ ಮಂಕಾಗುವ ಕಾರಣ ಬೇರೆ. ನೀಲಿ ಎಕ್ಸಿಟಾನ್‌ನ ಶಕ್ತಿಯೇ ಹೆಚ್ಚು, ಸುಮಾರು 2.7 ಎಲೆಕ್ಟ್ರಾನ್ ವೋಲ್ಟ್. ದೀರ್ಘಕಾಲ ಬದುಕುವ ಟ್ರಿಪ್ಲೆಟ್ ಇನ್ನೊಂದು ಟ್ರಿಪ್ಲೆಟ್‌ಗೋ ವಿದ್ಯುದಾವೇಶಕ್ಕೋ ಡಿಕ್ಕಿಯಾದರೆ ಎರಡರ ಶಕ್ತಿಯೂ ಒಂದೆಡೆ ಸೇರಿ ಅಣುವಿನ ಬಂಧವನ್ನೇ ಮುರಿಯಬಲ್ಲದು. ಹೊಳಪು ಹೆಚ್ಚಿದಷ್ಟೂ ಸವೆತ ಹೆಚ್ಚು. ಆದ್ದರಿಂದ ಒಂದೇ ಚಿತ್ರವನ್ನು ಪೂರ್ತಿ ಹೊಳಪಿನಲ್ಲಿ ಗಂಟೆಗಟ್ಟಲೆ ಪರದೆಯ ಮೇಲೆ ನಿಲ್ಲಿಸಬೇಡಿ.