ತೊಗರಿ ಹೂವಿನ ಕಾಲ ಮತ್ತು ಸಿಮೆಂಟಿನ ಧೂಳು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಭಾಗದ ಭೂಮಿಯಿಂದ ಎರಡು ಸಂಪತ್ತು ಹೊರಡುತ್ತವೆ: ಮೇಲೆ ತೊಗರಿ, ಕೆಳಗೆ ಸುಣ್ಣಕಲ್ಲು. ಮನೆಯಲ್ಲಿ ಹಾಸುವ ಶಹಾಬಾದ ಫರ್ಸಿಯೂ ಈ ಸುಣ್ಣಕಲ್ಲಿನದೇ ಪದರು. ವಾಡಿಯಲ್ಲಿ 1968ರಲ್ಲಿ ಸಿಮೆಂಟ್ ಕಾರ್ಖಾನೆ ಆರಂಭವಾಯಿತು. 1980ರ ದಶಕದಲ್ಲಿ ಮಳಖೇಡ ಮತ್ತು ಸೇಡಂಗಳಲ್ಲಿ, ಆಮೇಲೆ ಚಿಂಚೋಳಿ, ಚಿತ್ತಾಪುರ ತಾಲ್ಲೂಕುಗಳಲ್ಲಿಯೂ ಭಟ್ಟಿಗಳು ಎದ್ದವು. ಇತ್ತ ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಇವೆರಡೂ ಒಂದೇ ಬದುವಿನ ಆಚೀಚೆ ಬಾಳಬೇಕಾಗಿರುವುದರಿಂದ ಬೆಳೆಗಾರರು ಕೆಲವು ಸಂಗತಿಗಳನ್ನು ತಿಳಿದಿರುವುದು ಅವಶ್ಯ.

ಸಿಮೆಂಟ್ ತಯಾರಿಕೆಯಲ್ಲಿ ಗಾಳಿಗೆ ಸೇರುವ ಮುಖ್ಯ ವಸ್ತುಗಳು ಎರಡು. ಒಂದು ಕಣ್ಣಿಗೆ ಕಾಣುವ ಧೂಳು, ಇನ್ನೊಂದು ಕಾಣದ ಇಂಗಾಲದ ಡೈಆಕ್ಸೈಡ್. ಶುದ್ಧ ಸುಣ್ಣಕಲ್ಲು 100 ಕಿಲೋ ಸುಟ್ಟರೆ 56 ಕಿಲೋ ಸುಣ್ಣ ಉಳಿದು 44 ಕಿಲೋ ಅನಿಲವಾಗಿ ಹೋಗುತ್ತದೆ. ಭಟ್ಟಿಯನ್ನು ಸುಮಾರು 1450 ಡಿಗ್ರಿಗೆ ಕಾಯಿಸಲು ಉರಿಸುವ ಕಲ್ಲಿದ್ದಲಿನ ಹೊಗೆ ಇದಕ್ಕೆ ಹೊರತು. ಆದ್ದರಿಂದ ಉರುವಲು ಬದಲಿಸಿದ ಮಾತ್ರಕ್ಕೆ ಈ ಅನಿಲ ನಿಲ್ಲದು. ಕಲ್ಲಿನೊಳಗೇ ಅದು ಇದೆ. ಹಾರುಬೂದಿ ಬೆರೆಸಿ ಸುಟ್ಟ ಕಲ್ಲಿನ ಪಾಲನ್ನು ಕಡಿಮೆ ಮಾಡುವುದು, 2012ರಿಂದ ಕಾರ್ಖಾನೆಗಳಿಗೆ ಇಂಧನ ಉಳಿತಾಯದ ಗುರಿ ಗೊತ್ತುಪಡಿಸಿದ್ದು, ಇವೆಲ್ಲ ದಿಲ್ಲಿಯ ಮಟ್ಟದಲ್ಲಿ ತೀರ್ಮಾನವಾಗುವ ವಿಷಯಗಳು. ಧೂಳಿನ ವಿಷಯ ಹಾಗಲ್ಲ. ಅದನ್ನು ಹಿಡಿಯುವ ಚೀಲದ ಶೋಧಕಗಳು ಬಹು ಹಿಂದಿನಿಂದ ಇವೆ. ಚಿಮಣಿಯದಷ್ಟೇ ಧೂಳಲ್ಲ, ಗಣಿ, ಕ್ರಷರ್ ಮತ್ತು ಹೊದಿಕೆಯಿಲ್ಲದ ಲಾರಿಗಳು ಓಡುವ ರಸ್ತೆಯದೂ ಇದೆ. ಅದಕ್ಕೆ ಬೇಕಾದುದು ನೀರು, ತಾಡಪತ್ರಿ ಮತ್ತು ಕಾಳಜಿ.

ಧೂಳು ತೊಗರಿಗೆ ಏಕೆ ಹೆಚ್ಚು ತೊಡಕು? ಮುಂಗಾರಿನಲ್ಲಿ ಎಲೆಯ ಮೇಲೆ ಕೂತದ್ದನ್ನು ಮಳೆ ತೊಳೆಯುತ್ತದೆ. ತೊಗರಿ ಹೂ ಬಿಡುವುದು ಅಕ್ಟೋಬರ್-ನವೆಂಬರಿನಲ್ಲಿ, ಮಳೆ ಹಿಂದೆ ಸರಿದ ಮೇಲೆ. ಆಗ ರಾತ್ರಿಯ ಇಬ್ಬನಿಯಲ್ಲಿ ನೆನೆದ ಸಿಮೆಂಟ್ ಧೂಳು ಹಗಲಿನ ಬಿಸಿಲಿಗೆ ಗಾರೆಯಂತೆ ಗಟ್ಟಿಯಾಗುತ್ತದೆ. ಎಲೆಯ ಉಸಿರು ರಂಧ್ರಗಳು ಮುಚ್ಚಿ, ಬೆಳಕು ಕಡಿಮೆಯಾಗಿ, ಆಹಾರ ತಯಾರಿಕೆ ಕುಂದುತ್ತದೆ. ಧೂಳು ಬಹುಕಾಲ ಮಣ್ಣಿಗೆ ಸೇರಿದರೆ ಮೊದಲೇ ಕ್ಷಾರದ ಕಡೆಗಿರುವ ನಮ್ಮ ಎರೆಮಣ್ಣಿನಲ್ಲಿ ಸತು, ಕಬ್ಬಿಣ ಬೆಳೆಗೆ ದೊರೆಯುವುದು ಇನ್ನೂ ಕಷ್ಟ. ಗಾಳಿಯ ದಿಕ್ಕನ್ನೂ ಗಮನಿಸಬೇಕು. ಮಳೆಗಾಲದಲ್ಲಿ ಪಡುವಣ ಗಾಳಿ. ಹೂವಿನ ಹೊತ್ತಿಗೆ ಅದು ತಿರುಗಿ ಹೆಚ್ಚಾಗಿ ಮೂಡಣದಿಂದ, ಈಶಾನ್ಯದಿಂದ ಬೀಸುತ್ತದೆ. ಕಾರ್ಖಾನೆಯ ಪಶ್ಚಿಮ ಮತ್ತು ನೈಋತ್ಯಕ್ಕಿರುವ ಹೊಲಗಳವರು ಆ ದಿನಗಳಲ್ಲಿ ಎಚ್ಚರವಾಗಿರತಕ್ಕದ್ದು.

ಹಾಗೆಂದು ಎಲ್ಲ ನಷ್ಟವನ್ನೂ ಧೂಳಿನ ತಲೆಗೆ ಕಟ್ಟಬಾರದು. ನೆಟೆ ರೋಗ ಮಣ್ಣಿನ ಶಿಲೀಂಧ್ರದಿಂದ ಬರುವುದು. ಮೋಡ ಕವಿದ ವಾತಾವರಣದಲ್ಲಿಯೂ ಹೂ ಉದುರುತ್ತದೆ. ಕಾಯಿಕೊರಕವಂತೂ ಇದ್ದೇ ಇದೆ. ಕಾರಣ ಬೇರ್ಪಡಿಸದೆ ಕೊಟ್ಟ ದೂರು ನಿಲ್ಲುವುದಿಲ್ಲ.

ಇಲ್ಲಿ ಸರಕಾರಿ ಅಳತೆಯ ಒಂದು ಕೊರತೆಯನ್ನು ಹೇಳಬೇಕು. 2009ರ ರಾಷ್ಟ್ರೀಯ ಮಾನದಂಡದಂತೆ 10 ಮೈಕ್ರಾನಿಗಿಂತ ಸಣ್ಣ ಧೂಳು ವರ್ಷದ ಸರಾಸರಿಯಲ್ಲಿ ಘನಮೀಟರಿಗೆ 60 ಮೈಕ್ರೋಗ್ರಾಂ, ದಿನಕ್ಕೆ 100 ಮೀರಬಾರದು. ಇದು ಮನುಷ್ಯನ ಶ್ವಾಸಕೋಶಕ್ಕೆಂದು ಮಾಡಿದ ಲೆಕ್ಕ, ಸರಿಯೇ. ಆದರೆ ಎಲೆಯ ಮೇಲೆ ಕೂರುವ ದಪ್ಪ ಧೂಳು ಈ ಲೆಕ್ಕಕ್ಕೆ ಬರುವುದಿಲ್ಲ. ವರ್ಷದ ಸರಾಸರಿಯಲ್ಲಿ ಹೂವಿನ ಆರು ವಾರ ಮುಳುಗಿಹೋಗುತ್ತವೆ. ಬೀಳುವ ಧೂಳನ್ನು ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಹೊಲದಲ್ಲಿಯೇ ಅಳೆಯಬೇಕೆಂದು ಬೆಳೆಗಾರರು ಕೇಳುವುದು ನ್ಯಾಯವಾಗಿದೆ.

ಅಲ್ಲಿಯವರೆಗೆ ನೀವೇ ಅಂದಾಜು ಮಾಡಬಹುದು. ಒಂದೇ ಅಳತೆಯ ಎರಡು ಅಗಲ ಬಾಯಿಯ ಗಾಜಿನ ಭರಣಿಗಳಲ್ಲಿ ಸ್ವಚ್ಛ ಮಳೆನೀರನ್ನು ಸಮನಾಗಿ ಹಾಕಿ, ಬೆಳೆಗಿಂತ ಎತ್ತರದ ಗೂಟದ ಮೇಲೆ ಇಡಿರಿ. ಒಂದು ಕಾರ್ಖಾನೆಯ ಕಡೆಯ ಹೊಲದಲ್ಲಿ, ಇನ್ನೊಂದು ನಾಲ್ಕಾರು ಮೈಲಿ ದೂರದ ನೆಂಟರ ಹೊಲದಲ್ಲಿ ಇರಲಿ. ನೀರು ಇಂಗಿದಷ್ಟೂ ಎರಡಕ್ಕೂ ಅದೇ ಮಳೆನೀರು ಸೇರಿಸಿರಿ. ಮೂವತ್ತು ದಿನಗಳ ನಂತರ ಎಲೆ, ಹುಳು ತೆಗೆದು, ನೀರು ಆರಿಸಿ, ತಳದ ಧೂಳನ್ನು ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿರಿ. ದಿನಾಂಕ, ಗಾಳಿಯ ದಿಕ್ಕು, ಹೂವಿನ ಸ್ಥಿತಿಯನ್ನು ವಹಿಯಲ್ಲಿ ಬರೆದಿಡಿರಿ. ಇದು ಪ್ರಯೋಗಾಲಯದ ಅಳತೆಯಲ್ಲ. ಆದರೂ ಎರಡು ತೂಕಗಳ ಅಂತರ ತೋರಿಸಿ, ಪರಿಶೀಲನೆಗೆ ಬನ್ನಿರೆಂದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯಲು ಸಾಕು. ಅರ್ಜಿಯ ಒಂದು ಪ್ರತಿ ಗ್ರಾಮ ಪಂಚಾಯಿತಿಗೂ ಹೋಗಲಿ.

ಗಾಳಿ ಬರುವ ಬದುವಿನಲ್ಲಿ ಬೇವು, ಹೊಂಗೆಗಳನ್ನು ಎರಡು ಮೂರು ಸಾಲು, ಸಂದು ತಪ್ಪಿಸಿ ನೆಡಬಹುದು. ಮರದ ನೆರಳಿನಲ್ಲಿ ಒಂದೆರಡು ಸಾಲು ತೊಗರಿ ಬಡವಾಗುತ್ತದೆ, ನಿಜ. ಸತು, ಕಬ್ಬಿಣದ ಲವಣಗಳನ್ನು ಮಣ್ಣು ಪರೀಕ್ಷೆ ಮಾಡಿಸದೆ ಸುರಿಯಬೇಡಿರಿ.