ಗೋಡೆಯ ಹಿಂದಿನ ನೀರು

"ಮನೆ ಕಟ್ಟಿ ನೋಡು" ಎಂದವನು ಬಯಲುಸೀಮೆಯವನಿರಬೇಕು. ಮಲೆನಾಡಿನವನಾಗಿದ್ದರೆ "ಧರೆ ಕಡಿದು ನೋಡು" ಎಂಬ ಮಾತನ್ನೂ ಸೇರಿಸುತ್ತಿದ್ದನು. ಅಲ್ಲಿ ಗುಡ್ಡದ ಇಳಿಜಾರನ್ನು ಕಡಿದಲ್ಲದೆ ಮನೆಗೆ ಜಾಗವಾಗದು; ಕಡಿದ ಧರೆಗೆ (ಕೊಡಗಿನವರ ಬಾಯಲ್ಲಿ ಅದು 'ಬರೆ') ತಡೆಗೋಡೆ ಕಟ್ಟದೆ ನೆಮ್ಮದಿಯಿಲ್ಲ.

ಗಾರೆಯಿಲ್ಲದೆ ಪೇರಿಸಿದ ಹಿಂದಿನ ಕಾಡುಕಲ್ಲಿನ ಗೋಡೆಯ ಸಂದುಗಳಲ್ಲಿ ಮಳೆಯ ನೀರು ತಾನಾಗಿ ಹರಿದುಹೋಗುತ್ತಿತ್ತು. ಈಗಿನ ಕಾಂಕ್ರೀಟು ಬ್ಲಾಕಿನ ಗೋಡೆಗೆ ಸಂದಿಲ್ಲ. ನೋಡಲು ಅಂದ, ಅಪಾಯವಿರುವುದೂ ಅಲ್ಲಿಯೇ.

ತಡೆಗೋಡೆ ತಡೆಯಬೇಕಾದುದು ಮಣ್ಣನ್ನಷ್ಟೇ ಎಂದು ಮನೆಯೊಡೆಯನು ತಿಳಿಯುತ್ತಾನೆ. ಎರಡು ಮೀಟರ್ ಎತ್ತರದ ಗೋಡೆಯ ಒಂದೊಂದು ಮೀಟರ್ ಉದ್ದವನ್ನು ಒಣಗಿದ ಮರಳುಮಣ್ಣು ಸುಮಾರು 1.2 ಟನ್ನಿನಷ್ಟು ಬಲದಿಂದ ತಳ್ಳುತ್ತದೆ. ಅದೇ ಮಣ್ಣಿನಲ್ಲಿ ಮೇಲಿನವರೆಗೂ ನೀರು ನಿಂತರೆ ಆ ಬಲ ಎರಡೂವರೆ ಟನ್ನನ್ನು ಮೀರುತ್ತದೆ. ಎತ್ತರ ಇಮ್ಮಡಿಯಾದರೆ ತಳ್ಳುವ ಬಲ ನಾಲ್ಕು ಪಟ್ಟು. ಗೋಡೆಯನ್ನು ಮಗುಚುವ ಶಕ್ತಿ ಎಂಟು ಪಟ್ಟು! ಮಣ್ಣಿನ ಈ ಲೆಕ್ಕವನ್ನು 1776ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಹಾಕಿ ತೋರಿಸಿದವನು ಫ್ರೆಂಚ್ ಸೈನ್ಯದ ಇಂಜಿನಿಯರ್ ಕೂಲಂಬ್. ವಿದ್ಯುತ್ತಿನ ಪಾಠದಲ್ಲಿ ವಿದ್ಯಾರ್ಥಿಗಳು ಹೆಸರು ಕೇಳಿರುವ ಕೂಲಂಬನೇ ಈತ.

ಆದುದರಿಂದ ಗಟ್ಟಿ ನೆಲ ಸಿಗುವವರೆಗೆ ಪಾಯ ತೋಡಿ, ಅದರ ಕಾಂಕ್ರೀಟನ್ನು ಗುಡ್ಡದ ಕಡೆಗೆ ಅಗಲವಾಗಿ ಹಾಸಬೇಕು. ಮೇಲೆ ಕೂರುವ ಮಣ್ಣೇ ಅದನ್ನು ಅದುಮಿ ಹಿಡಿಯುತ್ತದೆ. ಪಾಯದಿಂದೆದ್ದ ಕಬ್ಬಿಣದ ಕಂಬಿಗಳು ಟೊಳ್ಳು ಬ್ಲಾಕುಗಳ ಒಳಗೆ ಮಣ್ಣಿನ ಮಗ್ಗುಲಿಗೆ ಸರಿದು ನಿಲ್ಲಬೇಕು. ಗೋಡೆ ಮುಂದಕ್ಕೆ ಬಾಗುವಾಗ ಜಗ್ಗುವುದು ಆ ಮಗ್ಗುಲೇ. ಟೊಳ್ಳಿಗೆ ಕಾಂಕ್ರೀಟು ತುಂಬಬೇಕು. ಗೋಡೆಯ ಹಿಂದೆ ಒಂದಡಿ ದಪ್ಪ ಜಲ್ಲಿ, ಅದರಲ್ಲಿ ಕೆಸರು ಕಟ್ಟದಂತೆ ಸೋಸುವ ಬಟ್ಟೆ, ಬುಡದಲ್ಲಿ ತೂತಿನ ಕೊಳವೆ, ಗೋಡೆಯಲ್ಲಿ ಸಾಲಾಗಿ ಕಿಂಡಿಗಳು, ಧರೆಯ ನೆತ್ತಿಯಲ್ಲಿ ಮಳೆನೀರಿಗೊಂದು ಚರಂಡಿ. ನಾಲ್ಕಡಿ ಮೀರಿದ ಗೋಡೆಗೆ ಮೇಸ್ತ್ರಿಯ ಅಂದಾಜು ಸಾಲದು, ಇಂಜಿನಿಯರರ ಲೆಕ್ಕ ಬೇಕು.

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳೇ ಜರಿದಾಗ ಮನೆಗಳು ಮಣ್ಣುಪಾಲಾದುವು. ಅಂತಹ ಕುಸಿತಕ್ಕೆ ಯಾವ ಗೋಡೆಯೂ ಅಡ್ಡವಲ್ಲ. ಹಿತ್ತಿಲಿನ ಹತ್ತಡಿ ಧರೆಯ ಮಾತು ಬೇರೆ. ಅಲ್ಲಿ ಸಾಮಾನ್ಯವಾಗಿ ಖರ್ಚು ಉಳಿಸುವುದು ಮಣ್ಣಿನೊಳಗೆ ಮರೆಯಾಗುವ ಜಲ್ಲಿ ಕೊಳವೆಗಳಲ್ಲಿ. ಕಣ್ಣಿಗೆ ಕಾಣುವ ಮುಂಭಾಗಕ್ಕೆ ಮಾತ್ರ ಎರಡು ಕೈ ಬಣ್ಣ.

ಜಡಿಮಳೆಯಲ್ಲಿ ಕಿಂಡಿಗಳು ನೀರು ಸುರಿಸುತ್ತಿದ್ದರೆ ಗೋಡೆಯ ಹಿಂದೆ ನೀರು ನಿಂತಿಲ್ಲವೆಂದು ತಿಳಿಯಬಹುದು. ಧರೆಯೆಲ್ಲ ತೊಯ್ದಿದ್ದರೂ ಕಿಂಡಿಗಳು ಒಣಗಿದ್ದರೆ ಒಳಗೆ ಜಲ್ಲಿ ಕಟ್ಟಿಕೊಂಡಿದೆಯೇ ಎಂದು ನೋಡಿಸಬೇಕು. ಕೆಂಪು ನೀರಿನಿಂದ ಬಣ್ಣ ಕೆಡುತ್ತದೆಂದು ಕಿಂಡಿಗಳಿಗೆ ಸಿಮೆಂಟು ಮೆತ್ತಿ ಮುಚ್ಚುವವರೂ ಉಂಟು.